ಅಡುಗೆಮನೆ ಕಡಪಾ ಕಲ್ಲಿಂದ ಬೇಲಂ ಗುಹೆವರೆಗೆ: ಸುಣ್ಣಕಲ್ಲಿನ ಬೆಟ್ಟ ಹೆಂಗೆ ಕರಗುತ್ತೆ ಅಂತ ನೀವೇ ನೋಡ್ಕೊಳ್ಳೋದು

ಮೊದಲೇ ಒಂದು ಮಾತು ಹೇಳ್ಬಿಡ್ತೀನಿ, ಪೂರ್ತಿ ಓದಿದ್ಮೇಲೆ ಬೈಕೋಬಾರ್ದು. ನಮ್ಮ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಕಡೆ ಜನ ಭಾನುವಾರ ಹತ್ತೋ ಬೆಟ್ಟ ಯಾವುದನ್ನೇ ತಗೊಳ್ಳಿ, ನಂದಿ ಬೆಟ್ಟ, ಸ್ಕಂದಗಿರಿ, ಅಂತರಗಂಗೆ, ಮಧುಗಿರಿ, ಸಿದ್ದರಬೆಟ್ಟ, ದೇವರಾಯನದುರ್ಗ, ಒಂದರಲ್ಲೂ ಕಾರ್ಸ್ಟ್, ಅಂದ್ರೆ ನೀರಲ್ಲಿ ಕಲ್ಲು ಕರಗಿ ಗುಹೆ, ಗುಂಡಿ ಆಗಿರೋ ಸೀಮೆ, ಅನ್ನೋದು ಇಲ್ಲ. ಎಲ್ಲಾ ಗ್ರಾನೈಟು, ಇಲ್ಲಾಂದ್ರೆ ಅದರ ಅಣ್ಣತಮ್ಮ ಜಾತಿ ಕಲ್ಲು. ಹಂಗಾದ್ರೆ ಚಿಂತಾಮಣೀಲಿ ಕೂತ್ಕೊಂಡು ಇವನ್ಯಾಕೆ ಈ ಸಬ್ಜೆಕ್ಟ್ ಹಿಡ್ಕೊಂಡ ಅಂತೀರಾ? ಕಾರಣ ನಿಮ್ಮನೆ ಅಡುಗೆಮನೇಲೇ ಇದೆ. ಡಬ್ಬ ಜೋಡಿಸೋ ಶೆಲ್ಫಿಗೆ ಕಪ್ಪು ಚಪ್ಪಡಿ ಹಾಕಿಸಿರ್ತೀರಲ್ಲ, ಕಡಪಾ ಕಲ್ಲು ಅಂತ, ಅದು ಪಕ್ಕಾ ಸುಣ್ಣಕಲ್ಲು. ಆಂಧ್ರದ ಕಡಪ, ತಾಡಿಪತ್ರಿ, ಬೇತಂಚೆರ್ಲ ಕಡೆಯಿಂದ ಲಾರೀಲಿ ಬರೋದು. ಭೂವಿಜ್ಞಾನದವರು ಆ ಪದರಕ್ಕೆ ನಾರ್ಜಿ ಸುಣ್ಣಕಲ್ಲು ಅಂತಾರೆ, ಆಂಧ್ರದಲ್ಲೇ ತಾಡಿಪತ್ರಿ ಆಚೆ ಇರೋ ಬೇಲಂ ಗುಹೆ ಆಗಿರೋದೂ ಅದೇ ಪದರದಲ್ಲೇ. ಅಂದ್ರೆ ನೀವು ಉಪ್ಪಿನಕಾಯಿ ಭರಣಿ ಇಟ್ಟಿರೋದು ಒಂದು ಗುಹೆಯ ಗೋಡೆ ಜಾತಿ ಕಲ್ಲಿನ ಮೇಲೆ ಕಣ್ರೀ.

ಕಾರ್ಸ್ಟ್ ಅನ್ನೋ ಪದ ಬಂದಿದ್ದು ಸ್ಲೊವೇನಿಯಾ ಮತ್ತೆ ಇಟಲಿ ಗಡಿಯಲ್ಲಿರೋ ಕ್ರಾಸ್ ಅನ್ನೋ ಸುಣ್ಣಕಲ್ಲಿನ ಪ್ರಸ್ಥಭೂಮಿ ಹೆಸರಿಂದ. ಇವಾಗ ನೀರಲ್ಲಿ ಕರಗೋ ಕಲ್ಲಿರೋ ಸೀಮೆಗೆಲ್ಲಾ ಅದೇ ಹೆಸರು. ಗುಹೆ, ಗುಂಡಿ, ಕುಸಿದ ಬಾವಿ ಥರದ ತೂತು, ಹೊಳೆ ಹರೀತಾ ಹರೀತಾ ಇದ್ದಕ್ಕಿದ್ದಂಗೆ ನೆಲದೊಳಗೆ ನುಗ್ಗೋದು, ಎಲ್ಲೋ ಮೈಲಿಗಟ್ಟಲೆ ಆಚೆ ಬೆಟ್ಟದ ಬುಡದಲ್ಲಿ ಬುಗ್ಗೆಯಾಗಿ ಎದ್ದು ಬರೋದು, ಇದೆಲ್ಲಾ ಸೇರಿ ಕಾರ್ಸ್ಟ್. ಜನ ಗುಹೆ ನೋಡಿ ಇದು ಕಾರ್ಸ್ಟ್ ಅಂದ್ಬಿಡ್ತಾರೆ, ಅದು ತಪ್ಪು ದಾರಿ. ನಾನು ಹೇಳೋದು ಇಷ್ಟೇ, ನೀರು ಎಲ್ಲಿ ಹೋಯ್ತು ಅಂತ ಹುಡುಕಿ. ಕೆಳಗಿನ ಎಲ್ಲಾ ಸ್ಟೆಪ್ಪೂ ಅದೇ ಪ್ರಶ್ನೆ ಹಿಂದೆ ಹೋಗೋದು.

ಸ್ಟೆಪ್ 1: ಕಡಪಾ ಕಲ್ಲಿನ ಮೇಲೆ ಹುಳಿ ಬಿಡಿ

ಪಾಲಿಶ್ ಇರೋ ಮೇಲ್ಭಾಗದಲ್ಲಿ ಮಾಡ್ಬೇಡಿ. ನಾನು ಮಾಡಿ ಅಮ್ಮನ ಹತ್ರ ಬೈಸ್ಕೊಂಡಿದ್ದೀನಿ. ನಿಂಬೆಹಣ್ಣು ಹಿಂಡಿ ಹೋಳನ್ನ ಕಲ್ಲಿನ ಮೇಲೆ ಬೋರಲು ಹಾಕಿ ಮಲ್ಕೊಂಡೆ, ಬೆಳಿಗ್ಗೆ ಎದ್ರೆ ರೂಪಾಯಿ ನಾಣ್ಯದಷ್ಟು ಅಗಲ ಬೆಳ್ಳಗೆ ಒಂದು ಉಂಗುರ, ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ. ಹೋಗೋದೂ ಇಲ್ಲ, ಯಾಕಂದ್ರೆ ಅದು ಕಲೆ ಅಲ್ಲ, ಅಷ್ಟು ಜಾಗದ ಕಲ್ಲೇ ಸವೆದು ಒರಟಾಗಿರೋದು. "ಏನೋ ಇದು, ಎಂಟು ವರ್ಷದಿಂದ ಹಿಂಗೆ ಹೊಳೀತಿದ್ದ ಕಲ್ಲು!" ಅಂತ ಅಮ್ಮ, ನಾನು "ಅಮ್ಮಾ ಬೆಟ್ಟ ಕರಗೋದೂ ಹಿಂಗೇ" ಅಂತ ಹೇಳೋಕೆ ಹೋಗಿ ಇನ್ನೊಂದು ರೌಂಡ್ ಬೈಸ್ಕೊಂಡೆ.

ಮನೆ ಕಟ್ಟಿದಾಗ ಉಳಿದ ಚೂರು ಹಿತ್ತಲಲ್ಲಿ ಬಿದ್ದಿರುತ್ತಲ್ಲ, ಅದನ್ನ ತಗೊಳ್ಳಿ. ಒಡೆದ ಅಂಚನ್ನ ಮೊಳೆಯಿಂದ ಕೆರೀರಿ, ಗೀರು ಬೀಳುತ್ತೆ, ಬೂದಿ ಬಣ್ಣದ ಪುಡಿ ಉದುರುತ್ತೆ. ಆ ಪುಡಿ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟು ಕಣ್ಣು ಹತ್ರ ತಗೊಂಡು ನೋಡಿ, ಸೂಜಿ ಮೊನೆಯಷ್ಟು ಗುಳ್ಳೆ ಏಳುತ್ತೆ. ಆ ಗುಳ್ಳೆ ಕಾರ್ಬನ್ ಡೈಆಕ್ಸೈಡು. ಇಡೀ ಕಲ್ಲಿನ ಮೇಲೆ ಬಿಟ್ರೆ ವಿನೆಗರ್‌ಗೆ ಅಷ್ಟು ಜೋರಿಲ್ಲ, ಕಾಣೋದೇ ಕಷ್ಟ, ಪುಡಿ ಮಾಡಿದ್ರೆ ಬೇಗ ಕಾಣುತ್ತೆ. ಅದೇ ಕೆಲಸನ ಗ್ರಾನೈಟ್ ಜಲ್ಲಿ ಮೇಲೆ ಮಾಡಿ ನೋಡಿ, ಮೊಳೇನೇ ಸವೆಯುತ್ತೆ ಹೊರತು ಕಲ್ಲಿಗೆ ಏನೂ ಆಗಲ್ಲ, ಗುಳ್ಳೇನೂ ಬರಲ್ಲ. ಬಾತ್‌ರೂಮ್ ಆಸಿಡ್ ಹಾಕಿದ್ರೆ ಬುರ್ ಅಂತ ನೊರೆ ಬರುತ್ತೆ ಅಂತ ಯಾರಾದ್ರೂ ಹೇಳ್ತಾರೆ, ನಿಜಾನೇ, ಆದ್ರೆ ಮಕ್ಕಳಿರೋ ಮನೇಲಿ ಆ ಸಹವಾಸ ಬೇಡ.

ಸ್ಟೆಪ್ 2: ಸುಣ್ಣ, ಸೋಡಾ, ಒಲೆ

ಇಡೀ ಕಾರ್ಸ್ಟ್ ಕಥೆ ಒಂದು ಗ್ಲಾಸಲ್ಲಿ ನೋಡೋ ಸ್ಟೆಪ್ ಇದು, ನಿಧಾನಕ್ಕೆ ಮಾಡಿ. ಬೇಕಾಗಿರೋದು ಎಲೆ ಅಡಿಕೆ ಅಂಗಡೀಲಿ ಸಿಗೋ ಸುಣ್ಣ, ಸಪ್ಪೆ ಸೋಡಾ ಒಂದು ಬಾಟ್ಲು, ಒಂದು ಸ್ಟ್ರಾ. ಸೋಡಾಗೆ ನಿಂಬೆಹುಳಿ, ಉಪ್ಪು, ಜೀರಾ ಏನೂ ಸೇರಿರಬಾರ್ದು, ಮತ್ತೆ ಫ್ರಿಜ್ಜಲ್ಲಿಟ್ಟು ಚೆನ್ನಾಗಿ ತಣ್ಣಗಾಗಿರಬೇಕು.

ಕಡಲೆಕಾಳಿನಷ್ಟು ಸುಣ್ಣ ತಗೊಂಡು ಅರ್ಧ ಲೀಟರ್ ನೀರಲ್ಲಿ ಕದಡಿ ರಾತ್ರಿಯೆಲ್ಲಾ ಮುಚ್ಚಿಡಿ. ಬೆಳಿಗ್ಗೆ ತಳದಲ್ಲಿ ಬಿಳಿ ಗಸಿ ಕೂತಿರುತ್ತೆ, ಮೇಲಿನ ತಿಳಿನೀರು ಮಾತ್ರ ಅಲ್ಲಾಡಿಸ್ದೆ ಬಸ್ಕೊಂಡು ಅಷ್ಟೇ ಕುಡಿಯೋ ನೀರು ಬೆರೆಸಿ. ಈ ಬೆರೆಸೋದನ್ನ ಮರೀಬೇಡಿ, ಯಾಕೆ ಅಂತ ಕೆಳಗೆ ಹೇಳ್ತೀನಿ. ಸುಣ್ಣದ ನೀರು ಕಣ್ಣಿಗೆ ಬಿದ್ರೆ ತುಂಬಾ ಡೇಂಜರ್, ಮಕ್ಕಳ ಜೊತೆ ಮಾಡ್ತಾ ಇದ್ರೆ ನೀವು ಪಕ್ಕದಲ್ಲೇ ಇರಿ, ಸ್ಟ್ರಾದಲ್ಲಿ ಊದೋದು ಮಾತ್ರ, ಅಪ್ಪಿತಪ್ಪಿ ಎಳ್ಕೋಬಾರ್ದು.

ಸ್ಟ್ರಾ ಹಾಕಿ ಊದಿ. ಸ್ವಲ್ಪ ಹೊತ್ತಲ್ಲೇ ನೀರು ಮಜ್ಜಿಗೆ ಥರ ಬೆಳ್ಳಗಾಗುತ್ತೆ. ನಮ್ಮ ಉಸಿರಲ್ಲಿ ಹತ್ರ ಹತ್ರ 4 ಪರ್ಸೆಂಟ್ ಕಾರ್ಬನ್ ಡೈಆಕ್ಸೈಡ್ ಇರುತ್ತೆ, ಅದು ಸುಣ್ಣದ ಜೊತೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಆಯ್ತು, ಅಂದ್ರೆ ಸುಣ್ಣಕಲ್ಲಿನ ಪುಡಿ. ಇವಾಗ ಸೋಡಾ ಓಪನ್ ಮಾಡಿ ಗ್ಲಾಸಿಗೆ ನಿಧಾನಕ್ಕೆ ಸುರೀರಿ, ಒಂದಕ್ಕೆ ಎರಡರಷ್ಟು ಹಾಕಿ ಕದಡಿ. ಬಿಳಿ ಬಣ್ಣ ಕರಗಿ ನೀರು ಮತ್ತೆ ತಿಳಿ ಆಗ್ತಾ ಬರುತ್ತೆ. ಕಲ್ಲು ಎಲ್ಲಿ ಹೋಯ್ತು? ನೀರಲ್ಲೇ ಇದೆ, ಬೈಕಾರ್ಬೊನೇಟ್ ಆಗಿ, ಕಣ್ಣಿಗೆ ಕಾಣಲ್ಲ ಅಷ್ಟೇ. ಬೆಟ್ಟದೊಳಗೆ ಗುಹೆ ಆಗೋದು ಈ ಸ್ಟೇಜಲ್ಲಿ.

ಆಮೇಲೆ ಆ ತಿಳಿನೀರನ್ನ ಸಣ್ಣ ಸ್ಟೀಲ್ ಪಾತ್ರೇಲಿ ಕುದಿಸಿ. ಗ್ಯಾಸೆಲ್ಲಾ ಹಾರಿ ಹೋಗುತ್ತೆ, ನೀರು ಮತ್ತೆ ಮಬ್ಬಾಗುತ್ತೆ, ಪಾತ್ರೆ ಗೋಡೆಗೆ ಬೆಳ್ಳಗೆ ಪೊರೆ ಹಿಡಿಯುತ್ತೆ. ಕರಗಿದ್ದ ಕಲ್ಲು ವಾಪಸ್ ಬಂತು. ಗುಹೆ ಛಾವಣಿಯಿಂದ ಇಳಿಬಿದ್ದಿರೋ ಸ್ಟ್ಯಾಲಕ್ಟೈಟ್, ನೆಲದಿಂದ ಎದ್ದಿರೋ ಸ್ಟ್ಯಾಲಗ್ಮೈಟ್ ಆಗೋದು ಈ ಸ್ಟೇಜಲ್ಲಿ, ಆದ್ರೆ ಗುಹೇಲಿ ಒಲೆ ಇಲ್ಲ, ಮಣ್ಣಲ್ಲಿ ಗ್ಯಾಸ್ ತುಂಬ್ಕೊಂಡು ಬಂದ ಹನಿ ಗುಹೆ ಗಾಳಿಗೆ ತಾಕಿದ ತಕ್ಷಣ ಸೋಡಾ ಬಾಟ್ಲು ಓಪನ್ ಮಾಡ್ದಂಗೆ ಗ್ಯಾಸ್ ಬಿಟ್ಕೊಡುತ್ತೆ, ಅಲ್ಲೇ ಒಂದು ಪೊರೆ ಕಲ್ಲು ಅಂಟಿಸಿ ಕೆಳಗೆ ಬೀಳುತ್ತೆ.

ನಾನು ಮೊದಲ ಸಲ ಮಾಡಿದಾಗ ನೀರು ಬೆರೆಸ್ಲಿಲ್ಲ, ಸೋಡಾನೂ ಇರ್ಲಿಲ್ಲ, ಊದ್ತಾ ಇದ್ರೆ ತಿಳಿಯಾಗುತ್ತೆ ಅಂದ್ಕೊಂಡು ನಾನೂ ನಮ್ಮಕ್ಕನ ಮಗಳೂ ಸರದಿ ಮೇಲೆ ಕಾಲು ಗಂಟೆ ಊದಿದ್ವಿ. ಅವಳು "ಮಾಮಾ ಕೆನ್ನೆ ನೋವು" ಅಂತ ಸ್ಟ್ರಾ ಬಿಸಾಕಿ ಹೋದ್ಲು. ಮಜ್ಜಿಗೆ ಮಜ್ಜಿಗೆಯಾಗೇ ಇತ್ತು. ಕಾರಣ ಆಮೇಲೆ ಹೊಳೀತು, ಉಸಿರಿನ 4 ಪರ್ಸೆಂಟ್ ಗ್ಯಾಸು ಅಷ್ಟೊಂದು ಗಟ್ಟಿ ಸುಣ್ಣದ ನೀರನ್ನ ಕರಗಿಸೋಕೆ ಸಾಲಲ್ಲ, ಸೋಡಾದಲ್ಲಿ ಒತ್ತಿ ತುಂಬಿರೋ ಗ್ಯಾಸೇ ಬೇಕು. ಅಂದ್ರೆ ಎಷ್ಟು ಗ್ಯಾಸೋ ಅಷ್ಟು ಕಲ್ಲು ಕರಗುತ್ತೆ, ಈ ಲೆಕ್ಕ ನೆನಪಿಟ್ಕೊಳ್ಳಿ, ಮುಂದೆ ಬೆಟ್ಟದ ಹತ್ರ ಬೇಕಾಗುತ್ತೆ.

ಇಷ್ಟೆಲ್ಲಾ ಪುರುಸೊತ್ತಿಲ್ಲ ಅನ್ನೋರು ಬೋರ್‌ವೆಲ್ ನೀರು ಕಾಯಿಸೋ ಹಂಡೆ ಒಳಗೆ ಕೈ ಹಾಕಿ ನೋಡಿ, ಗಡಸು ನೀರಿರೋ ಮನೇಲಿ ಗೀಸರ್ ಕಾಯಿಲ್ ಮೇಲೆ ಬೆಳ್ಳಗೆ ಕಲ್ಲು ಕಟ್ಟಿರುತ್ತಲ್ಲ, ಮುಖ್ಯವಾಗಿ ಅದೇ ಮಾಲು.

ಸ್ಟೆಪ್ 3: ನಮ್ಮ ಬೆಟ್ಟದ ಗುಹೆಗಳನ್ನ ಬೇರೆ ಇಡಿ

ಒಂದು ಸಣ್ಣ ಬಾಟ್ಲಲ್ಲಿ ವಿನೆಗರ್, ಒಂದು ಮೊಳೆ ಜೇಬಲ್ಲಿಟ್ಕೊಂಡು ಅಂತರಗಂಗೆಗೆ ಹೋಗಿ. ದೇವಸ್ಥಾನ, ಶಾಸನ, ಕೋಟೆ ಗೋಡೆ ಇವುಗಳ ಮೇಲೆ ಮಾತ್ರ ಏನೂ ಬಿಡಬೇಡಿ. ಹಳೇ ಕೋಟೆ ಗೋಡೆ ಸಂದೀಲಿರೋ ಗಾರೆ ಸುಣ್ಣದ್ದು, ಅದರ ಮೇಲೆ ಬಿಟ್ರೆ ಗುಳ್ಳೆ ಬಂದೇ ಬರುತ್ತೆ, ನೀವು ಬೆಟ್ಟಾನೇ ಸುಣ್ಣಕಲ್ಲು ಅಂದ್ಕೊಂಡು ಮೋಸ ಹೋಗ್ತೀರ, ಜೊತೆಗೆ ಗೋಡೇನೂ ಹಾಳು. ದಾರೀಲಿ ಬಿದ್ದಿರೋ ಕಲ್ಲಿನ ಚೂರು ಸಾಕು. ಕೆಂಪು, ಬಿಳಿ, ಕಪ್ಪು ಚುಕ್ಕಿ ಬೆರೆತಿರುತ್ತೆ, ಬಿಸಿಲಿಗೆ ಮಿಂಚುತ್ತೆ, ಮೊಳೆಗೆ ಜಗ್ಗಲ್ಲ, ವಿನೆಗರ್‌ಗೆ ಸುಮ್ಮನಿರುತ್ತೆ.

ಅಂತರಗಂಗೆ ಮೇಲಿನ ಗುಹೆಗಳು ದೊಡ್ಡ ದೊಡ್ಡ ಬಂಡೆ ಒಂದರ ಮೇಲೊಂದು ಕೂತಾಗ ಮಧ್ಯೆ ಉಳಿದ ಸಂದಿ. ಕಲ್ಲು ಬಿರುಕು ಬಿಡ್ತು, ಬಿರುಕಿನ ಅಂಚು ಕೊಳೆತು ಮಣ್ಣಾಯ್ತು, ಮಣ್ಣು ಮಳೆಗೆ ಕೊಚ್ಕೊಂಡು ಹೋಯ್ತು, ಬಂಡೆ ಉಳೀತು. ಒಳಗೆ ಟಾರ್ಚ್ ಹಾಕಿ ನೋಡಿದ್ರೆ ಮೂಲೆಗಳು ಚೂಪು ಚೂಪು, ಎಲ್ಲಿಂದ್ಲೋ ಬೆಳಕಿನ ಗೆರೆ ಬರ್ತಾನೇ ಇರುತ್ತೆ. ನಮ್ಮೂರ ಹತ್ರದ ಕೈಲಾಸಗಿರೀದು ಇನ್ನೊಂದು ಜಾತಿ, ಅದು ಮನುಷ್ಯರೇ ಬಂಡೆ ಕೊರೆದು ಮಾಡಿದ್ದು. ನೀರೇ ಕಲ್ಲನ್ನ ಕರಗಿಸಿ ಮಾಡಿದ ಗುಹೆ ಮೂರನೇ ಜಾತಿ, ಅದು ಇಲ್ಲಿಲ್ಲ.

ಅಂತರಗಂಗೆ ದೇವಸ್ಥಾನದಲ್ಲಿ ಕಲ್ಲಿನ ಬಸವಣ್ಣನ ಬಾಯಿಂದ ವರ್ಷಪೂರ್ತಿ ನೀರು ಬರುತ್ತಲ್ಲ, ಅದು? ದೇವರಾಯನದುರ್ಗದ ಹತ್ರದ ನಾಮದ ಚಿಲುಮೆ? ಈ ಪ್ರಶ್ನೆ ನಾನೂ ಕೇಳಿದ್ದೆ. ಅದು ಗ್ರಾನೈಟ್ ಬಿರುಕಲ್ಲಿ, ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ ಮಳೆ ನೀರು ಇಂಗಿ, ಸೋಸ್ಕೊಂಡು, ಸಣ್ಣಗೆ ಬರೋ ನೀರು. ಕಾರ್ಸ್ಟ್ ಬುಗ್ಗೆ ಗತ್ತೇ ಬೇರೆ, ಇಡೀ ಒಂದು ಹೊಳೆ ಬೆಟ್ಟದ ಬುಡದಿಂದ ಹೊರಗೆ ನುಗ್ಗೋದು, ಮೇಲೆ ಜೋರು ಮಳೆ ಬಂದ್ರೆ ಸ್ವಲ್ಪ ಹೊತ್ತಲ್ಲೇ ಕೆಳಗೆ ನೀರು ಕೆಂಪಗಾಗೋದೂ ಉಂಟು. ಇನ್ನು ಬೆಟ್ಟದ ನೆತ್ತಿ ಮೇಲಿನ ದೊಣೆ. ನೋಡೋಕೆ ಕರಗಿದ ಗುಂಡಿ ಥರಾನೇ ಇರುತ್ತೆ, ಮಳೆ ನೀರು ನಿಂತೂ ನಿಂತೂ ಕಲ್ಲಿನ ಕಣ ಸಡಿಲ ಆಗಿ ಆದದ್ದು. ಆದ್ರೆ ದೊಣೇಲಿ ನೀರು ನಿಲ್ಲುತ್ತೆ ನೋಡಿ! ಬೇಸಿಗೆವರೆಗೂ ನಿಲ್ಲುತ್ತೆ. ಅದೇ ದೊಡ್ಡ ಸುಳಿವು. ನಮ್ಮ ಸೀಮೇಲಿ ಹಿಂದಿನವರು ಸಾವಿರಾರು ಕೆರೆ ಕಟ್ಟಿದ್ರು ಅಂದ್ರೆ ನೆಲ ನೀರು ಹಿಡಿಯುತ್ತೆ ಅಂತ ತಾನೇ? ಚೆನ್ನಾಗಿ ಬೆಳೆದ ಕಾರ್ಸ್ಟ್ ಸೀಮೇಲಿ ಕೆರೆ ಕಟ್ಟಿದ್ರೆ ತಳದಲ್ಲಿ ಯಾವ ತೂತು ಯಾವಾಗ ಬಾಯಿ ಬಿಡುತ್ತೋ ಹೇಳೋಕಾಗಲ್ಲ. ಸ್ಲೊವೇನಿಯಾದಲ್ಲಿ ತ್ಸೆರ್ಕ್ನಿತ್ಸಾ ಅಂತ ಒಂದು ಸರೋವರ ಇದೆ, ಮಳೆ ಬಂದಾಗ ನೆಲದ ತೂತಿಂದಾನೇ ನೀರು ಉಕ್ಕಿ 20 ಚದರ ಕಿಲೋಮೀಟರ್‌ಗಿಂತ ಜಾಸ್ತಿ ಜಾಗ ತುಂಬುತ್ತೆ, ಮಳೆ ನಿಂತು ಒಣಹವೆ ಬಂದ್ರೆ ಅದೇ ಥರದ ತೂತಲ್ಲಿ ಇಳಿದು ಮಾಯ, ಆ ಜಾಗದಲ್ಲಿ ಜನ ಹುಲ್ಲು ಕೊಯ್ತಾರೆ. ನಮ್ಮ ಕಡೆ ಕೆರೆ ಅಂಗಳದಲ್ಲಿ ಜಾಲಿ ಬೆಳೆಯೋದಕ್ಕೂ ಅದಕ್ಕೂ ಸಂಬಂಧ ಇಲ್ಲ, ಅದು ಬೇರೆ ದುಃಖ.

ತುಮಕೂರಿನವರು ಇಲ್ಲಿ ನನ್ನ ಹಿಡೀಬಹುದು. ಚಿಕ್ಕನಾಯಕನಹಳ್ಳಿ ಕಡೆ ಸುಣ್ಣಕಲ್ಲು ಇದೆ, ಅಮ್ಮಸಂದ್ರದಲ್ಲಿ ಸಿಮೆಂಟ್ ಫ್ಯಾಕ್ಟರಿ ಬಂದಿದ್ದೇ ಅದರಿಂದ. ಒಪ್ಕೋತೀನಿ, ಅಲ್ಲಿ ವಿನೆಗರ್ ಬಿಟ್ರೆ ಗುಳ್ಳೆ ಬರುತ್ತೆ, ಶಿರಾ, ಪಾವಗಡ ಕಡೆ ಹೊಲದ ಮಣ್ಣಲ್ಲಿ ಸಿಗೋ ಸುಣ್ಣದ ಗಂಟುಗಳಲ್ಲೂ ಬರುತ್ತೆ. ಆದ್ರೆ ಗುಳ್ಳೆ ಬಂದ ಕಡೆ ಎಲ್ಲಾ ಕಾರ್ಸ್ಟ್ ಇರಲ್ಲ. ಅಲ್ಲಿ ಸುಣ್ಣಕಲ್ಲು ಬೇರೆ ಕಲ್ಲುಗಳ ಮಧ್ಯೆ ಪಟ್ಟಿ ಪಟ್ಟಿಯಾಗಿದೆ, ಮಳೇನೂ ಕಮ್ಮಿ. ಕಲ್ಲು ದಪ್ಪಗೆ ಇರಬೇಕು, ಬಿರುಕು ಇರಬೇಕು, ನೀರು ಬೇಕು, ಒಳಗೆ ಹೋದ ನೀರಿಗೆ ಕೆಳಗಡೆ ಎಲ್ಲಾದ್ರೂ ಹೊರಗೆ ಹೋಗೋ ದಾರಿ ಬೇಕು. ನಾಲ್ಕರಲ್ಲಿ ಒಂದಿಲ್ಲಾಂದ್ರೂ ಕೆಲಸ ನಿಲ್ಲುತ್ತೆ. ಮಳೆ ಸುರಿಯೋ ಕಡೆ ಸುಣ್ಣಕಲ್ಲು ಹೆಂಗಾಗುತ್ತೆ ಅಂತ ರಾಜ್ಯದೊಳಗೇ ನೋಡ್ಬೇಕಾದ್ರೆ ಉತ್ತರ ಕನ್ನಡದ ಯಾಣಕ್ಕೆ ಹೋಗಿ, ಸಹ್ಯಾದ್ರಿ ಕಾಡೊಳಗೆ ಕಪ್ಪು ಸುಣ್ಣಕಲ್ಲಿನ ಶಿಖರ, ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಸೊಕ್ಕಿದ್ದವರು ಯಾಣಕ್ಕೆ, ರೊಕ್ಕಿದ್ದವರು ಗೋಕರ್ಣಕ್ಕೆ ಅಂತ ಗಾದೆ ಇದೆಯಲ್ಲ, ಇವಾಗ ರೋಡಾಗಿದೆ, ಅಷ್ಟು ಸೊಕ್ಕೇನೂ ಬೇಕಾಗಿಲ್ಲ.

ಸ್ಟೆಪ್ 4: ಮೂರು ವಯಸ್ಸನ್ನ ಬೇರೆ ಬೇರೆ ಕೇಳಿ

ಗೈಡ್‌ಗಳು "ಕೋಟಿ ವರ್ಷದ ಗುಹೆ ಸಾರ್" ಅಂದಾಗ ನಾನು ಕೇಳೋ ಪ್ರಶ್ನೆ, ಯಾವುದರ ವಯಸ್ಸು? ಕಲ್ಲಿಂದಾ, ತೂತಿಂದಾ, ತೂಗಾಡೋ ಸ್ಟ್ಯಾಲಕ್ಟೈಟ್‌ದಾ? ಮೂರೂ ಬೇರೆ ಬೇರೆ, ಹಳೇ ಕಾರ್ಸ್ಟ್ ಬೆಟ್ಟ ಅರ್ಥ ಆಗ್ಬೇಕಾದ್ರೆ ಇದೊಂದು ಗೊಂದಲ ಮೊದಲು ಬಿಡಿಸ್ಕೋಬೇಕು.

ಕಲ್ಲಿನ ವಯಸ್ಸು ಮೊದಲು. ಸುಣ್ಣಕಲ್ಲು ಬಹುಪಾಲು ಹುಟ್ಟೋದು ಕಡಿಮೆ ಆಳದ ಬೆಚ್ಚಗಿನ ಸಮುದ್ರದಲ್ಲಿ. ಚಿಪ್ಪು, ಹವಳ, ಸೂಕ್ಷ್ಮಜೀವಿಗಳಿಂದ ಬಂದ ಸುಣ್ಣದ ಕೆಸರು ತಳದಲ್ಲಿ ಪದರ ಪದರ ಕೂತು, ಮೇಲಿನ ಭಾರಕ್ಕೆ ಒತ್ತಿ ಕಲ್ಲಾಗುತ್ತೆ. ನಿಮ್ಮ ಕಡಪಾ ಕಲ್ಲು 50 ಕೋಟಿ ವರ್ಷಕ್ಕಿಂತ ಹಳೇದು, ಚಿಪ್ಪಿರೋ ಪ್ರಾಣಿಗಳು ಸಮುದ್ರ ತುಂಬ್ಕೊಳ್ಳೋಕ್ಕಿಂತ ಮುಂಚಿನ ಕೆಸರು, ಅದಕ್ಕೇ ಅದರಲ್ಲಿ ಶಂಖ ಹುಡುಕಿದ್ರೆ ಸಿಗಲ್ಲ. ಆಮೇಲೆ ಭೂಮಿ ಪ್ಲೇಟುಗಳು ಗುದ್ದಿದಾಗ ಆ ಸಮುದ್ರದ ತಳ ಮೇಲೇಳುತ್ತೆ. ಎಷ್ಟು ಮೇಲೆ ಅಂದ್ರೆ ಎವರೆಸ್ಟ್ ತುದಿ, 8,848.86 ಮೀಟರ್, ಅಲ್ಲಿರೋದೂ ಸಮುದ್ರದ ಸುಣ್ಣಕಲ್ಲೇ, ಒಳಗೆ ಸಮುದ್ರಜೀವಿಗಳ ಪಳೆಯುಳಿಕೆ ಸಮೇತ. ಪರ್ವತಾರೋಹಿಗಳು ಫೋಟೋ ಹೊಡೆಸ್ಕೊಳ್ಳೋದು ಒಂದು ಸಮುದ್ರದ ತಳದ ಮೇಲೆ ನಿಂತ್ಕೊಂಡು.

ಮೇಲೆ ಏಳೋವಾಗ ಕಲ್ಲು ಬಿರುಕು ಬಿಡುತ್ತೆ, ಅಲ್ಲಿಂದ ತೂತಿನ ವಯಸ್ಸು ಶುರು. ಗಾಳೀಲಿ ಕಾರ್ಬನ್ ಡೈಆಕ್ಸೈಡ್ ಇರೋದು 0.04 ಪರ್ಸೆಂಟ್ ಚಿಲ್ಲರೆ, ಬರೀ ಮಳೆ ನೀರು ಸಣ್ಣ ಹುಳಿ ಅಷ್ಟೇ. ಆ ನೀರು ಕಾಡಿನ ಮಣ್ಣಲ್ಲಿ ಇಳಿಯುವಾಗ ಬೇರು, ಹುಳ, ಬ್ಯಾಕ್ಟೀರಿಯಾ ಬಿಟ್ಟ ಉಸಿರೆಲ್ಲಾ ಅಲ್ಲೇ ಕಟ್ಕೊಂಡಿರುತ್ತೆ, ಒಂದು ಎರಡು ಪರ್ಸೆಂಟ್‌ವರೆಗೂ, ಅಲ್ಲಿ ನೀರು ಸೋಡಾ ಕುಡಿದಂಗೆ ಆಗುತ್ತೆ. ಅದಕ್ಕೇ ಸ್ಟೆಪ್ 2ರಲ್ಲಿ ಗ್ಯಾಸಿನ ಲೆಕ್ಕ ನೆನಪಿಟ್ಕೊಳ್ಳಿ ಅಂದಿದ್ದು. ಎತ್ತರದ ಬೆಟ್ಟದಲ್ಲಿ ಮಣ್ಣು ಕಮ್ಮಿ, ಆದ್ರೆ ಅಲ್ಲಿ ಹಿಮ ಕರಗಿದ ನೀರು, 0 ಡಿಗ್ರಿ ನೀರು 25 ಡಿಗ್ರಿ ನೀರಿಗಿಂತ ಎರಡು ಪಟ್ಟಿಗೂ ಜಾಸ್ತಿ ಗ್ಯಾಸ್ ಹಿಡ್ಕೊಳ್ಳುತ್ತೆ, ಸೋಡಾ ತಣ್ಣಗಿರಬೇಕು ಅಂದಿದ್ದೂ ಅದಕ್ಕೇ.

ಮೊದಮೊದಲು ಬಿರುಕು ಕೂದಲೆಳೆಯಷ್ಟು. ನೀರು ನುಗ್ಗಿ ಸ್ವಲ್ಪ ದೂರದಲ್ಲೇ ಹೊಟ್ಟೆ ತುಂಬ ಸುಣ್ಣ ತುಂಬ್ಕೊಂಡು ಇನ್ನು ಕರಗಿಸೋಕಾಗ್ದೆ ಸುಮ್ಮನೆ ಹರಿಯುತ್ತೆ, ಸಾವಿರಾರು ವರ್ಷ ಹಿಂಗೇ ಕಷ್ಟಪಡುತ್ತೆ. ಆದ್ರೆ ಯಾವುದೋ ಒಂದು ದಾರಿ ಕಿರುಬೆರಳಗಲ, ಒಂದು ಸೆಂಟಿಮೀಟರ್ ಆಸುಪಾಸು ಆಯ್ತು ಅಂದ್ರೆ ನೀರು ಜೋರಾಗಿ ಸುಳಿ ಸುಳಿಯಾಗಿ ಹರಿಯೋಕೆ ಶುರು, ಆವಾಗ ಹೊಸ ಹುಳಿ ನೀರು ಕೊನೇವರೆಗೂ ತಲುಪುತ್ತೆ, ಆ ದಾರಿ ಅಗಲ ಆಗೋ ಸ್ಪೀಡೇ ಬದಲಾಗುತ್ತೆ, ಪಕ್ಕದ ನೂರಾರು ಬಿರುಕಿನ ನೀರನ್ನೆಲ್ಲಾ ಅದೇ ಎಳ್ಕೊಂಡು ದೊಡ್ಡದಾಗುತ್ತೆ. ಊರಲ್ಲಿ ಒಂದು ಕಾಲುದಾರಿ ಹತ್ತು ಜನ ಓಡಾಡಿ ರೋಡಾಗಿಬಿಟ್ರೆ ಮಿಕ್ಕ ಕಾಲುದಾರೀಲೆಲ್ಲಾ ಹುಲ್ಲು ಬೆಳೆಯುತ್ತಲ್ಲ, ಹಂಗೆ. ನೀರು ಪೂರ್ತಿ ತುಂಬಿ ಹರಿದ್ರೆ ಮೇಲೆ ಕೆಳಗೆ ಪಕ್ಕ ಎಲ್ಲಾ ಕಡೆ ಕರಗಿ ದುಂಡಗೆ ಪೈಪ್ ಥರ ಆಗುತ್ತೆ. ಆಮೇಲೆ ಬೆಟ್ಟ ಇನ್ನಷ್ಟು ಏಳುತ್ತೆ, ಇಲ್ಲಾ ಪಕ್ಕದ ನದಿ ಕಣಿವೇನ ಆಳ ಮಾಡುತ್ತೆ, ನೆಲದೊಳಗಿನ ನೀರಿನ ಮಟ್ಟ ಇಳಿಯುತ್ತೆ, ಪೈಪಲ್ಲಿ ಅರ್ಧ ಗಾಳಿ ಅರ್ಧ ನೀರು, ಇವಾಗ ನೀರು ಬರೀ ನೆಲಾನ ಕೊರೆಯುತ್ತೆ, ಕೆಳಗೆ ಕಿರಿದಾದ ಕಾಲುವೆ ಆಗುತ್ತೆ. ಅಡ್ಡ ನಿಂತು ನೋಡಿದ್ರೆ ಹಳೇ ಕಾಲದ ಬೀಗದ ತೂತಿನ ಆಕಾರ, ಮೇಲೆ ದುಂಡು ಕೆಳಗೆ ಸೀಳು. ನೀರು ಇನ್ನೂ ಇಳಿದ್ರೆ ಆ ಮಹಡಿ ಪೂರ್ತಿ ಒಣಗಿ ಕೆಳಗೆ ಇನ್ನೊಂದು ಶುರು. ನಾವು ಮನೆ ಕಟ್ಟೋವಾಗ ಕೆಳಗಿಂದ ಮೇಲಕ್ಕೆ ಹೋಗ್ತೀವಿ, ನೀರು ಮೇಲಿನ ಮಹಡಿ ಮೊದಲು ಮುಗಿಸಿ ಕೆಳಕ್ಕೆ ಬರುತ್ತೆ, ಹಂಗಾಗಿ ಸಾಮಾನ್ಯವಾಗಿ ಮೇಲಿರೋ ಗುಹೆ ಅಣ್ಣ, ಕೆಳಗಿರೋದು ತಮ್ಮ. ಪಶ್ಚಿಮ ಕಾಕಸಸ್ ಪರ್ವತದ ವೆರ್ಯೋವ್ಕಿನಾ ಗುಹೆ ಹಿಂಗೆ ಇಳಿದೂ ಇಳಿದೂ ಬಾಯಿಂದ ತಳಕ್ಕೆ 2,200 ಮೀಟರ್ ಆಗಿದೆ, ಗೊತ್ತಿರೋದರಲ್ಲೆಲ್ಲಾ ಆಳದ್ದು ಅದೇ. ನಂದಿ ಬೆಟ್ಟ ಸಮುದ್ರ ಮಟ್ಟದಿಂದ 1,478 ಮೀಟರ್, ಲೆಕ್ಕ ಹಾಕ್ಕೊಳ್ಳಿ.

ಮೂರನೇ ವಯಸ್ಸು ತೊಟ್ಟಿಕ್ಕೋ ಕಲ್ಲಿಂದು, ಅದು ತೂತು ಒಣಗಿದ ಮೇಲಿನದು, ಮೂರರಲ್ಲಿ ಕಿರಿದು. ವರ್ಷಕ್ಕೆ ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗದಷ್ಟು ಬೆಳೆದ್ರೆ ಅದೇ ದೊಡ್ಡದು, ಎಷ್ಟೋ ಕಡೆ ಅಷ್ಟೂ ಇಲ್ಲ. ಆದ್ರೆ ಲೆಕ್ಕಕ್ಕೆ ಸಿಗೋದು ಇದೇ. ಕಲ್ಲೊಳಗಿನ ಯುರೇನಿಯಂ ನಿಧಾನಕ್ಕೆ ಥೋರಿಯಂ ಆಗೋದನ್ನ ಅಳೆದು ಸುಮಾರು 5 ಲಕ್ಷ ವರ್ಷದವರೆಗೂ ವಯಸ್ಸು ಹೇಳ್ತಾರೆ. ಮೇಘಾಲಯದ ಮಾಮ್ಲು ಗುಹೆಯ ಒಂದು ಸ್ಟ್ಯಾಲಗ್ಮೈಟ್‌ನ ಹಿಂಗೇ ಓದಿ, 4,200 ವರ್ಷದ ಹಿಂದೆ ಮಳೆ ಕೈಕೊಟ್ಟ ಗುರುತು ಹಿಡಿದ್ರು, 2018ರಲ್ಲಿ ಭೂಮಿ ಇತಿಹಾಸದ ಈಗಿನ ಕಾಲಘಟ್ಟಕ್ಕೆ ಮೇಘಾಲಯನ್ ಅಂತಾನೇ ಅಧಿಕೃತವಾಗಿ ಹೆಸರಿಟ್ರು. ಒಂದು ಗುಹೆ ಕಲ್ಲಿಂದಾಗಿ ನಮ್ಮ ದೇಶದ ಒಂದು ರಾಜ್ಯದ ಹೆಸರು ಪ್ರಪಂಚದ ಪಠ್ಯದಲ್ಲಿ ಸೇರ್ಕೊಂಡಿದೆ, ಇದು ಎಷ್ಟು ಜನಕ್ಕೆ ಗೊತ್ತೋ.

ಇನ್ನೂ ಒಂದು ಸಂಗತಿ. ಕೆಲವು ಕಾರ್ಸ್ಟ್ ಸೀಮೆ ಒಂದು ಕಾಲದಲ್ಲಿ ಕರಗಿ ಗುಂಡಿ ಬಿದ್ದು, ಆಮೇಲೆ ಅದರ ಮೇಲೆ ಹೊಸ ಕೆಸರು ಕೂತು ಮುಚ್ಚೇ ಹೋಗಿರುತ್ತೆ, ಬೆಟ್ಟ ಎದ್ದಾಗ ರೋಡ್ ಕಟಿಂಗಲ್ಲೋ ಕ್ವಾರೀಲೋ ಆ ಹಳೇ ಗುಂಡಿ ಅಡ್ಡಕ್ಕೆ ಕತ್ತರಿಸಿ ಕಾಣುತ್ತೆ, ಒಳಗೆ ಕೆಂಪು ಮಣ್ಣು, ಕಲ್ಲು ಚೂರು ತುಂಬಿರುತ್ತೆ. ಇದಕ್ಕೆ ಪ್ಯಾಲಿಯೋಕಾರ್ಸ್ಟ್ ಅಂತಾರೆ. ಅಲ್ಯೂಮಿನಿಯಂ ತೆಗೆಯೋ ಬಾಕ್ಸೈಟ್ ಅದಿರಿಗೆ ಆ ಹೆಸರು ಬಂದಿದ್ದು ಫ್ರಾನ್ಸಿನ ಲೆ ಬೋ ಅನ್ನೋ ಊರಿಂದ, ಅಲ್ಲಿನ ಅದಿರು ಕೂತಿದ್ದೂ ಇಂಥ ಹಳೇ ಸುಣ್ಣಕಲ್ಲಿನ ಗುಂಡಿಗಳಲ್ಲೇ.

ಸ್ಟೆಪ್ 5: ಬೇಲಂಗೆ ಹೋಗಿ

ಚಿಕ್ಕಬಳ್ಳಾಪುರದಿಂದ ಬಾಗೇಪಲ್ಲಿ ದಾಟಿ ಹೈದರಾಬಾದ್ ಹೈವೇ ಹಿಡಿದು ಅನಂತಪುರ, ಅಲ್ಲಿಂದ ತಾಡಿಪತ್ರಿ, ಆಮೇಲೆ ಕೊಲಿಮಿಗುಂಡ್ಲ ಕಡೆ. ಹತ್ರ ಹತ್ರ 250 ಕಿಲೋಮೀಟರ್. ಬೆಳಿಗ್ಗೆ ಐದಕ್ಕೆ ಬಿಟ್ರೆ ಒಂದೇ ದಿನದಲ್ಲಿ ಹೋಗ್ಬರಬಹುದು, ಬೇಸಿಗೇಲಿ ಮಾತ್ರ ಬೇಡ. ತೆಲುಗು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಅನಂತಪುರದವರೆಗೆ ಬರೀ ಗುಂಡು ಬಂಡೆ, ನಮ್ಮೂರ ಥರಾನೇ. ತಾಡಿಪತ್ರಿ ಬರ್ತಾ ಬರ್ತಾ ಬಂಡೆ ಮಾಯ ಆಗಿ ಚಪ್ಪಟೆ ನೆಲ, ಪುಸ್ತಕ ಜೋಡಿಸಿಟ್ಟಂಗೆ ಪದರ ಪದರ ಕಲ್ಲು, ರೋಡ್ ಪಕ್ಕ ಚಪ್ಪಡಿ ರಾಶಿ, ಹೊಲದ ಬದುವಿಗೂ ಅದೇ ಚಪ್ಪಡಿ. ಕಾರಲ್ಲಿ ನಿದ್ದೆ ಮಾಡ್ಬೇಡಿ, ಈ ಬದಲಾವಣೆ ನೋಡೋದೇ ಅರ್ಧ ಪಾಠ.

ಗುಹೆ ಹೊರಗಿಂದ ಕಾಣೋದೇ ಇಲ್ಲ, ಬೆಟ್ಟಾನೂ ಇಲ್ಲ, ಬಯಲಲ್ಲಿ ಬಾವಿ ಥರ ಕುಸಿದ ಗುಂಡಿ, ಅದರಲ್ಲಿ ಮೆಟ್ಟಿಲಿಳಿದು ಒಳಗೆ ಹೋಗ್ಬೇಕು. 1884ರಲ್ಲಿ ರಾಬರ್ಟ್ ಬ್ರೂಸ್ ಫುಟ್ ಇದನ್ನ ಬರೆದಿಟ್ಟ, ನಮ್ಮ ಕರ್ನಾಟಕದ ಶಿಲಾಯುಗದ ಜಾಗಗಳನ್ನೂ ಹುಡುಕಿದ ಅದೇ ಫುಟ್ ಸಾಹೇಬ. ಆಮೇಲೆ ನೂರು ವರ್ಷ ಯಾರೂ ಸರಿಯಾಗಿ ಒಳಗೆ ಹೋಗ್ಲಿಲ್ಲ, 1982-83ರಲ್ಲಿ ಗೆಬಾವರ್ ಅನ್ನೋ ಜರ್ಮನಿಯವರ ತಂಡ ಅಳತೆ ಮಾಡ್ತು. ಒಟ್ಟು 3,229 ಮೀಟರ್, ನಮಗೆ ಬಿಡೋದು ಸುಮಾರು ಒಂದೂವರೆ ಕಿಲೋಮೀಟರ್.

ಒಳಗೆ ಗೈಡ್ ಕೋಟಿಲಿಂಗ, ಸಾವಿರ ಹೆಡೆ, ಸಿಂಹದ್ವಾರ ತೋರಿಸ್ತಾರೆ, ನೋಡಿ, ಬೇಡ ಅನ್ನಲ್ಲ. ಆದ್ರೆ ಸ್ವಲ್ಪ ಹಿಂದೆ ಉಳ್ಕೊಂಡು ಗೋಡೆ ನೋಡಿ. ಮೂಲೆಗಳು ಚೂಪಿಲ್ಲ, ಎಲ್ಲಾ ನುಣುಪು, ಉದ್ದಕ್ಕೆ ಅಂಚು ಅಂಚಾಗಿ ಕೊರೆದಿರೋ ಗೆರೆ, ಛಾವಣೀಲಿ ದುಂಡು ಕಮಾನು, ಮಧ್ಯೆ ನೆಟ್ಟಗೆ ಒಂದು ಬಿರುಕು ಓಡುತ್ತೆ, ನೀರು ಮೊದಲು ಹಿಡಿದಿದ್ದು ಆ ಬಿರುಕನ್ನೇ. ನಮ್ಮ ಪುಟ್ಟಿಗೆ ಬೀಗದ ತೂತು ಹುಡುಕು ಅಂತ ಹೇಳಿದ್ದೆ, ಹತ್ತು ನಿಮಿಷದಲ್ಲಿ "ಮಾಮಾ ಇಲ್ಲೊಂದು, ಅಲ್ಲೊಂದು" ಅಂತ ಗೈಡ್‌ಗೇ ತೋರಿಸೋಕೆ ಶುರು ಮಾಡಿದ್ಲು. ಕೊನೇಲಿ ಪಾತಾಳಗಂಗೆ, ಅದೇ ಆಳದ ಜಾಗ, ಸಣ್ಣ ಧಾರೆ ಬಂದು ಕಲ್ಲೊಳಗೆ ಇಳಿದು ಹೋಗುತ್ತೆ. ಜನ ಸೆಲ್ಫಿ ತಗೊಂಡು ವಾಪಸ್ ಬರ್ತಾರೆ. ನೀವು ಎರಡು ನಿಮಿಷ ನಿಂತ್ಕೊಂಡು ನೀರು ಎಲ್ಲಿ ಹೋಯ್ತು ಅಂತ ನೋಡಿ, ಮೇಲಿನ ಮಹಡೀಲಿ ನಿಂತು ಕೆಳಗಿನ ಮಹಡಿ ಕೆಲಸ ನೋಡ್ತಾ ಇದ್ದೀರ ನೀವು.

ತಯಾರಿ ಬಗ್ಗೆ ಸ್ವಲ್ಪ. ಒಳಗೆ ಸಿಕ್ಕಾಪಟ್ಟೆ ಸೆಖೆ, ಅರ್ಧ ಗಂಟೇಲಿ ಶರ್ಟ್ ಹಿಂಡ್ಬಹುದು, ನೀರು ಇಟ್ಕೊಳ್ಳಿ, ಗ್ರಿಪ್ ಇರೋ ಚಪ್ಪಲಿ ಹಾಕ್ಕೊಳ್ಳಿ, ಉಸಿರಾಟದ ತೊಂದರೆ ಇರೋರನ್ನ ಒತ್ತಾಯ ಮಾಡ್ಬೇಡಿ. ಹೊರಡೋ ಮುಂಚೆ ಟೈಮಿಂಗ್ ವಿಚಾರಿಸ್ಕೊಳ್ಳಿ. ತೊಟ್ಟಿಕ್ಕೋ ಕಲ್ಲನ್ನ ಮುಟ್ಟಬೇಡಿ, ಕೈಯ ಎಣ್ಣೆ ಅಂಟಿದ್ರೆ ಅಲ್ಲಿ ಹೊಸ ಪೊರೆ ಸರಿಯಾಗಿ ಹಿಡಿಯಲ್ಲ. ಬೇಲಂನಲ್ಲಿ ತೂಗಾಡೋ ಕಲ್ಲು ಅಷ್ಟೊಂದಿಲ್ಲ ಅಂತ ಬೇಜಾರಾಗೋರು ಇರ್ತಾರೆ, ಅಂಥವರಿಗೆ ಅರಕು ಹತ್ರದ ಬೊರ್ರಾ ಗುಹೆ ಸರಿ, ಆದ್ರೆ ಅದು ದೂರ, ಮೂರು ದಿನದ ಕೆಲಸ.

ಕಲ್ಲು ಚೂರು ಬೇಕು ಅಂತ ಗುಹೆ ಒಳಗಿಂದ ಏನೂ ಒಡೀಬೇಡಿ. ವಾಪಸ್ ಬರ್ತಾ ತಾಡಿಪತ್ರಿ ರೋಡಲ್ಲಿ ಚಪ್ಪಡಿ ಕತ್ತರಿಸೋ ಕಡೆ ನಿಲ್ಲಿಸಿ ಕೇಳಿ, ಅಂಚಿನ ಚೂರು ಗುಡ್ಡೆ ಬಿದ್ದಿರುತ್ತೆ, ತಗೊಂಡು ಹೋಗಿ ಅಂತಾರೆ, ಕಾಸೂ ಕೇಳಲ್ಲ. ನಾವು ಎರಡು ತಂದ್ವಿ. ಒಂದಕ್ಕೆ ಪುಟ್ಟಿ ದಿನಾ ಒಂದೊಂದು ಹನಿ ವಿನೆಗರ್ ಒಂದೇ ಜಾಗಕ್ಕೆ ಬಿಟ್ಟು ಗುಂಡಿ ಆಗುತ್ತಾ ನೋಡ್ತಾ ಇದ್ದಾಳೆ. ಇನ್ನೊಂದನ್ನ ಅಮ್ಮ ಕಿತ್ಕೊಂಡು, ನಿಂಬೆ ಉಂಗುರ ಬಿದ್ದಿದೆಯಲ್ಲ, ಅದು ಕಾಣದ ಹಾಗೆ ಅದರ ಮೇಲೇ ಇಟ್ಟಿದ್ದಾಳೆ.